ಸಿಗ್ನಲ್ ಕೈಕೊಟ್ಟ ರಾತ್ರಿ ರೈಲು ಬಿಡುವುದು ಹೇಗೆ

ಜೂನ್ ತಿಂಗಳ ಜಡಿಮಳೆ, ರಾತ್ರಿ ಎರಡು ಗಂಟೆ. ಗಾಡಿ ಬಿಡಲು ಮುಂದಿನ ಸ್ಟೇಷನ್ನಿನ ಒಪ್ಪಿಗೆ ಪಡೆಯುವ ಯಂತ್ರ, ಬ್ಲಾಕ್ ಇನ್‌ಸ್ಟ್ರುಮೆಂಟ್, ಸತ್ತು ಕೂತಿದೆ, ಹೊರಡುವ ಸಿಗ್ನಲ್ ಕೆಂಪಿನಿಂದ ಕದಲುತ್ತಿಲ್ಲ, ಪ್ಲಾಟ್‌ಫಾರಂನಲ್ಲಿ ನಿಂತ ಗಾಡಿಯ ತುಂಬ ಜನ ಮಲಗಿದ್ದಾರೆ, ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಕಚೇರಿಯಿಂದ ಫೋನ್ ಮೇಲೆ ಫೋನ್. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯಿಂದ ರೈಲ್ವೆಗೆ ಸೇರುವ ನಮ್ಮ ಹುಡುಗ ಹುಡುಗಿಯರಿಗೆ ಇಂಥ ರಾತ್ರಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸ್ಟೇಷನ್ ಮಾಸ್ಟರ್ ಆಗಿ ಅಂಥ ರಾತ್ರಿಗಳನ್ನು ಕಳೆದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ವಿಭಾಗದ ರೂಲ್ ಬುಕ್ಕಿಗೂ ತರಬೇತಿಗೂ ಇದು ಬದಲಿ ಅಲ್ಲ. ಅಲ್ಲಿ ಬರೆದದ್ದು ಯಾಕೆ ಹಾಗಿದೆ ಎಂದು ತಿಳಿಯಲಿ, ಅಷ್ಟೇ.

ಮೊದಲು ಬುಡ ಹಿಡಿಯಿರಿ. ಎರಡು ಸ್ಟೇಷನ್‌ಗಳ ನಡುವೆ ಒಂದು ಹಳಿಯಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ. ಇದನ್ನು ಆಬ್ಸಲ್ಯೂಟ್ ಬ್ಲಾಕ್ ಅನ್ನುತ್ತಾರೆ. ಯಂತ್ರ ಮಾಡುವುದು ಈ ಮಾತನ್ನು ಕಾಯುವ ಕೆಲಸ. ಯಂತ್ರ ಕೆಟ್ಟರೆ ಆ ಕಾವಲು ನಿಮ್ಮ ಮೇಲೆ ಬರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆಯೂ ಒಂದೇ: ಲೈನ್ ಕ್ಲಿಯರ್ ಇದೆಯಾ, ಅಂದರೆ ಮುಂದಿನ ಸ್ಟೇಷನ್ ತನಕ ಹಳಿ ಖಾಲಿ ಇದೆಯಾ?

ಕುಂಬಳೆಯಿಂದ ಮಂಜೇಶ್ವರಕ್ಕೆ ಗಾಡಿ ಬಿಡಬೇಕು ಎಂದಿಟ್ಟುಕೊಳ್ಳಿ. ಮುಂದಿನ ಸ್ಟೇಷನ್ನಿನವರು ಹೌದು ಎನ್ನಬೇಕಾದರೆ ಹಿಂದಿನ ಗಾಡಿ ಅವರಲ್ಲಿಗೆ ಪೂರ್ತಿ ಬಂದಿರಬೇಕು. ಪೂರ್ತಿ ಎಂದರೆ ಕೊನೆಯ ಡಬ್ಬಿಯ ಸಮೇತ. ಹಗಲಲ್ಲಿ ಎಲ್‌ವಿ ಬೋರ್ಡ್ (ಇದೇ ಕೊನೆಯ ಡಬ್ಬಿ ಎಂದು ತೋರಿಸುವ ಫಲಕ), ರಾತ್ರಿ ಕೆಂಪು ಟೇಲ್ ಲ್ಯಾಂಪ್, ಎರಡರಲ್ಲಿ ಒಂದನ್ನು ಕಣ್ಣಾರೆ ನೋಡಿರಬೇಕು. ಇಂಜಿನ್ ದಾಟಿತು, ಡಬ್ಬಿಗಳು ಓಡಿದವು, ಸದ್ದು ನಿಂತಿತು, ಇವು ಯಾವುವೂ ಲೆಕ್ಕಕ್ಕಿಲ್ಲ. ಕಪ್ಲಿಂಗ್ ಕಡಿದು ನಾಲ್ಕು ವ್ಯಾಗನ್ ಶಿರಿಯ ಹೊಳೆಯ ಸೇತುವೆ ಹತ್ತಿರ ಉಳಿದುಬಿಟ್ಟರೆ? ನೋಡಿಲ್ಲ ಅಂದರೆ ಬಂದಿಲ್ಲ ಎಂದೇ ಲೆಕ್ಕ.

ಇನ್ನು ಕೇಳುವುದು ಹೇಗೆ? ಬ್ಲಾಕ್ ಇನ್‌ಸ್ಟ್ರುಮೆಂಟ್ ಕೆಟ್ಟರೆ ಅದಕ್ಕೆ ಸೇರಿದ ಟೆಲಿಫೋನ್. ಅದೂ ಇಲ್ಲದಿದ್ದರೆ ಸ್ಟೇಷನ್‌ನಿಂದ ಸ್ಟೇಷನ್‌ಗೆ ಇರುವ ಫೋನ್, ಆಮೇಲೆ ರೈಲ್ವೆ ಅಥವಾ ಬಿಎಸ್‌ಎನ್‌ಎಲ್ ಸ್ಥಿರ ಫೋನ್, ಆಮೇಲೆ ಕಂಟ್ರೋಲ್ ಫೋನ್, ಕೊನೆಗೆ ವಿಎಚ್‌ಎಫ್ ವೈರ್‌ಲೆಸ್ ಸೆಟ್. ಪ್ರಯಾಣಿಕರ ಗಾಡಿ ಓಡುವ ಕಡೆ ವಿಎಚ್‌ಎಫ್ ಒಂದನ್ನೇ ನಂಬಿ ಗಾಡಿ ಬಿಡುವ ಹಾಗಿಲ್ಲ. ಈ ಸಾಲಿನಲ್ಲಿ ವಾಟ್ಸಾಪ್ ಇಲ್ಲವೇ ಇಲ್ಲ.

ಮಾತಿಗೆ ಬೀಗ ಹಾಕುವುದು ಪ್ರೈವೇಟ್ ನಂಬರ್. ಪ್ರತಿ ಸ್ಟೇಷನ್ನಿಗೂ ಅದರದೇ ನಂಬರ್ ಹಾಳೆ ಇರುತ್ತದೆ. ಲೈನ್ ಕ್ಲಿಯರ್ ಕೊಡುವವರು ಒಂದು ನಂಬರ್ ಹೇಳುತ್ತಾರೆ, ಕೂಡಲೇ ಹಾಳೆಯಲ್ಲಿ ಅದನ್ನು ಹೊಡೆದುಹಾಕುತ್ತಾರೆ. ಒಮ್ಮೆ ಬಳಸಿದ್ದು ಮತ್ತೆ ಬರುವುದಿಲ್ಲ. ನಮ್ಮ ಕಡೆಯವರು ಇಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಇಟ್ಟುಕೊಳ್ಳಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಎಂಟು ಅನ್ನುವುದನ್ನು ಒಬ್ಬರು ಎಣ್ಮ ಅಂತಾರೆ, ಇನ್ನೊಬ್ಬರು ಎಟ್ಟ್ ಅಂತಾರೆ. ಊರಲ್ಲಿ ಅದು ಚಂದ, ಬ್ಲಾಕ್ ಫೋನಿನಲ್ಲಿ ಬೇಡ. ಒಂದೊಂದೇ ಅಂಕೆ, ಇಂಗ್ಲಿಷಿನಲ್ಲಿ, ನಿಧಾನವಾಗಿ. ಆಮೇಲೆ ಕೇಳಿಸಿಕೊಂಡವರು ಅದನ್ನು ತಿರುಗಿ ಓದಲೇಬೇಕು. ಒಂದು ಮಳೆಗಾಲದಲ್ಲಿ ಆ ಕಡೆಯವರು ಸಿಕ್ಸ್ ಫೈವ್ ಅಂದದ್ದು ನನಗೆ ಸಿಕ್ಸ್ ನೈನ್ ಎಂದು ಕೇಳಿಸಿತ್ತು. ತಿರುಗಿ ಓದಿದಾಗಲೇ ತಪ್ಪು ಸಿಕ್ಕಿದ್ದು.

ನಂಬರ್ ಸಿಕ್ಕಿದ ಮೇಲೆ ಕಾಗದ. ಹೊರಡುವ ಸಿಗ್ನಲ್ ಕೊಡಲಾಗದಿದ್ದರೆ ಲೋಕೋ ಪೈಲಟ್ ಕೈಗೆ ಪೇಪರ್ ಲೈನ್ ಕ್ಲಿಯರ್ ಟಿಕೆಟ್ ಕೊಡಬೇಕು. ಅಪ್ ಗಾಡಿಗೆ ಟಿ/ಸಿ 1425 ಫಾರಂ, ಎದುರು ದಿಕ್ಕಿನ ಡೌನ್ ಗಾಡಿಗೆ ಟಿ/ಡಿ 1425. ಗಾಡಿ ನಂಬರ್, ಸಮಯ, ಪ್ರೈವೇಟ್ ನಂಬರ್, ಸಹಿ, ಮೊಹರು ಎಲ್ಲ ಇರಬೇಕು. ಖಾಲಿ ಫಾರಂಗಳಿಗೆ ಮೊದಲೇ ಸಹಿ ಹಾಕಿ ಇಟ್ಟುಕೊಳ್ಳುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ, ದಯವಿಟ್ಟು. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾಣಿ ಹತ್ತಿರ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಗೂಡ್ಸ್ ಗಾಡಿ ಹಿಂದಿನಿಂದ ಗುದ್ದಿತು. ಆ ಬೆಳಿಗ್ಗೆ ಆಟೋಮ್ಯಾಟಿಕ್ ಸಿಗ್ನಲ್ ಕೆಟ್ಟಿತ್ತು, ಗೂಡ್ಸ್ ಚಾಲಕರ ಕೈಯಲ್ಲಿ ಕಾಗದ ಇತ್ತು. ಆದರೆ ಎಷ್ಟು ವೇಗದಲ್ಲಿ ಹೋಗಬೇಕು ಎಂಬುದು ಅದರಲ್ಲಿ ಇರಲಿಲ್ಲ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿತು. ಕಾಗದ ಕೊಟ್ಟರೆ ಮುಗಿಯಲಿಲ್ಲ, ಅದರಲ್ಲಿರುವುದು ಓದಿದವರಿಗೆ ಅರ್ಥವಾಗಿದೆಯಾ ಎಂದು ಅವರ ಎದುರಲ್ಲೇ ನಿಂತು ಕೇಳಿ.

ಗಾಡಿ ಹೋಗುವ ದಾರಿಯ ಪಾಯಿಂಟ್‌ಗಳನ್ನು (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿತುಂಡುಗಳನ್ನು) ಕ್ಲ್ಯಾಂಪ್ ಹಾಕಿ ಬೀಗ ಜಡಿಯಿರಿ, ಕೀ ನಿಮ್ಮ ಹತ್ತಿರ ಇರಲಿ. ಅದಾದ ಮೇಲೆ ಕೈ ಸಿಗ್ನಲ್. ಹಸಿರು ಬಾವುಟ ಅಲ್ಲಾಡದೆ ಹಿಡಿದರೆ ಹೋಗಬಹುದು, ಮೇಲೆ ಕೆಳಗೆ ಬೀಸಿದರೆ ಎಚ್ಚರದಿಂದ ಹೋಗಿ, ಕೆಂಪು ಕಂಡರೆ ನಿಲ್ಲಿ. ರಾತ್ರಿ ಅದೇ ಬಣ್ಣದ ದೀಪ. ಸುಮ್ನೆ ನಿಂತಾಗ ಕೈಯಲ್ಲಿನ ಹಸಿರು ಬಾವುಟ ಬಿಚ್ಚಿಕೊಂಡಿರಬಾರದು, ದೂರದಿಂದ ನೋಡಿದ ಚಾಲಕರಿಗೆ ಅದೂ ಒಂದು ಅಪ್ಪಣೆಯೇ ಅಲ್ವಾ?

ಯಾವ ಫೋನೂ ಇಲ್ಲ, ಪೂರ್ತಿ ಸಂಪರ್ಕ ಕಡಿದಿದೆ ಎಂದಾದರೆ? ನಮ್ಮ ಕಡೆಯ ಡಬಲ್ ಲೈನಿನಲ್ಲಿ (ಹೋಗಲು ಒಂದು ಹಳಿ, ಬರಲು ಒಂದು) ಟಿ/ಸಿ 602 ಎಂಬ ಅನುಮತಿ ಕಾಗದ ಕೊಟ್ಟು ಗಾಡಿ ಬಿಡುತ್ತಾರೆ. ಎರಡು ಗಾಡಿಗಳ ನಡುವೆ 30 ನಿಮಿಷ ಅಂತರ. ಮುಂದೆ ಚೆನ್ನಾಗಿ ಕಾಣುತ್ತಿದ್ದರೆ ಗಂಟೆಗೆ 25 ಕಿಲೋಮೀಟರ್, ಕಾಣದಿದ್ದರೆ 10. ಕಾಸರಗೋಡು ದಾಟಿ ಕಳನಾಡಿನಲ್ಲಿ ಸುರಂಗ ಇದೆ. ಒಳಗೆ ಏನೂ ಇಲ್ಲ ಎಂದು ಖಾತ್ರಿ ಆಗದೆ ಅಂಥಲ್ಲಿ ಇಂಜಿನ್ ನುಗ್ಗಿಸುವ ಹಾಗಿಲ್ಲ. ಸಂಶಯ ಇದ್ದರೆ ಒಬ್ಬರು ಕೈ ಸಿಗ್ನಲ್, ಡಿಟೋನೇಟರ್ (ಹಳಿ ಮೇಲಿಡುವ ಪಟಾಕಿ) ಹಿಡಿದು ಮುಂದೆ ನಡೆಯಬೇಕು. ತಡವಾಗುತ್ತದೆ, ಆಗಲಿ.

ಮಳೆಗಾಲದಲ್ಲಿ ಮರ ಬಿದ್ದೋ ಗುಡ್ಡ ಜರಿದೋ ಒಂದು ಹಳಿ ಮುಚ್ಚಿದರೆ ಇನ್ನೊಂದರಲ್ಲೇ ಎರಡೂ ಕಡೆಯ ಗಾಡಿ ಓಡಿಸಬೇಕಾಗುತ್ತದೆ. ಆಗ ಕೊಡುವ ಕಾಗದ ಟಿ/ಡಿ 602. ಯಾವ ಹಳಿ, ಎಷ್ಟನೇ ಕಿಲೋಮೀಟರಿನಲ್ಲಿ ತಡೆ, ಎಲ್ಲ ಅದರಲ್ಲಿ ಬರೆಯಬೇಕು. ಮೊದಲ ಗಾಡಿ 25ರ ವೇಗದಲ್ಲಿ ಹೋಗುತ್ತಾ ದಾರಿಯ ಗೇಟ್‌ಮನ್‌ಗಳಿಗೆ, ಹಳಿ ಕೆಲಸದ ಗ್ಯಾಂಗ್‌ನವರಿಗೆ ನಿಂತು ಹೇಳಬೇಕು. ಯಾಕೆಂದರೆ ಅವರು ವರ್ಷಗಟ್ಟಲೆ ಈ ಹಳಿಯಲ್ಲಿ ಒಂದೇ ಕಡೆಯಿಂದ ಗಾಡಿ ಬರುವುದನ್ನು ನೋಡಿ ಇನ್ನೊಂದು ಕಡೆಗೆ ಬೆನ್ನು ಹಾಕಿ ಕೆಲಸ ಮಾಡುವವರು. ಇದನ್ನು ಮರೆತರೆ ಸಾಯುವುದು ಅವರೇ.

ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟರೆ ಗಾರ್ಡ್ ಹಿಂದಕ್ಕೆ ನಡೆಯಬೇಕು (2022ರಿಂದ ಅವರ ಹೆಸರು ಟ್ರೈನ್ ಮ್ಯಾನೇಜರ್). ಬ್ರಾಡ್‌ಗೇಜಿನಲ್ಲಿ 600 ಮೀಟರಿಗೆ ಹಳಿಯ ಮೇಲೆ ಒಂದು ಡಿಟೋನೇಟರ್, 1200 ಮೀಟರಿಗೆ ಮೂರು, ಹತ್ತತ್ತು ಮೀಟರ್ ಬಿಟ್ಟು. ಚಕ್ರ ಹತ್ತಿದರೆ ಪಟಾಕಿಯಂತೆ ಸಿಡಿಯುತ್ತದೆ, ಮಳೆಯಲ್ಲಿ ಬಾವುಟ ಕಾಣದಿದ್ದರೂ ಚಾಲಕರಿಗೆ ಕೇಳುತ್ತದೆ. ಡಬ್ಬಿ ಹಳಿ ತಪ್ಪಿ ಪಕ್ಕದ ಹಳಿಗೆ ಚಾಚಿದ್ದರೆ ಮೊದಲು ಆ ಪಕ್ಕದ ಹಳಿಯನ್ನು ಕಾಯಿರಿ, ನಿಮ್ಮ ಗಾಡಿಯ ವಿಚಾರ ಆಮೇಲೆ.

ಹಳಿ ಬದಿಯಲ್ಲಿ ಮನೆ ಇರುವವರಿಗೂ ಒಂದು ಮಾತು. ಹಳಿ ಮೇಲೆ ಮರ ಬಿದ್ದದ್ದು ಕಂಡರೆ ಹತ್ತಿರದ ಗೇಟಿಗೋ ಸ್ಟೇಷನ್ನಿಗೋ ಓಡಿ ಹೇಳಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಗಾಡಿ ಬರುತ್ತಿದೆ ಎಂದಾದರೆ ಬರುವ ಕಡೆಗೇ ಆದಷ್ಟು ದೂರ ಹೋಗಿ, ಹಳಿಯಿಂದ ಹೊರಗೆ ನಿಂತು ಎರಡೂ ಕೈ ತಲೆ ಮೇಲೆ ನೆಟ್ಟಗೆ ಎತ್ತಿ ಹಿಡಿಯಿರಿ. ಬರಿಗೈಯಲ್ಲಿ ನಿಲ್ಲಿ ಎಂದು ಹೇಳುವ ಸಿಗ್ನಲ್ ಅದು. ರಾತ್ರಿಯಾದರೆ ಟಾರ್ಚನ್ನು ಎದೆಯ ಮುಂದೆ ಅಡ್ಡಡ್ಡ ಜೋರಾಗಿ ಬೀಸಿ, ಗಾಡಿ ನಿಲ್ಲುವ ತನಕ ಬೀಸುತ್ತಲೇ ಇರಿ.