ಅಕ್ಕ, ನಾನು ಮತ್ತು ಸಾಂಟಿಯಾಗೊಗೆ 115 ಕಿಲೋಮೀಟರ್

ಸ್ಪೇನಿನ ಸಾಂಟಿಯಾಗೊ ದೆ ಕಾಂಪೊಸ್ತೆಲಾಗೆ ಹೋಗೋಣ ಅಂತ ಮೊದಲು ಹೇಳಿದ್ದು ನಾನಲ್ಲ, ನನ್ನ ಅಕ್ಕ. ಅವಳಿಗೆ 58. ಶಿವರಾತ್ರಿಗೆ ಮೂರು ಸಲ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಿದ್ದಾಳೆ. "ಅಲ್ಲೂ ದೇವರ ಹತ್ರ ನಡ್ಕೊಂಡೇ ಹೋಗ್ತಾರಂತೆ ಕಣೇ, ಒಂದ್ಸಲ ನೋಡೋಣ" ಅಂದಳು. ನನಗೆ ದೇವರಿಗಿಂತ ಜಾಸ್ತಿ ಆಸೆ ಇದ್ದದ್ದು ಆ ಊರಿನ ಮೇಲೆ.

ಸಾಂಟಿಯಾಗೊ ಅಂದರೆ ಸಂತ ಯಾಕೋಬ, ಏಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬ. ಅವನ ಸಮಾಧಿ ಅಲ್ಲಿನ ಕ್ಯಾಥೆಡ್ರಲ್ಲಿನ ಕೆಳಗಿದೆ ಅನ್ನೋ ನಂಬಿಕೆಯ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಜನ ನಡೆಯುತ್ತಿದ್ದಾರೆ. ಹೆಸರಾದ ದಾರಿ ಫ್ರಾನ್ಸಿನಿಂದ ಶುರುವಾಗುತ್ತೆ, ಸುಮಾರು 780 ಕಿಲೋಮೀಟರ್. ಅದಕ್ಕೆ ಒಂದು ತಿಂಗಳ ಮೇಲೆ ಬೇಕು. ನಮ್ಮ ಕೈಯಲ್ಲಿದ್ದದ್ದು ಎರಡು ವಾರದ ರಜೆ. ಕಡೆಯ 100 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಮುಗಿಸಿದರೂ ಯಾತ್ರೆಯ ಪ್ರಮಾಣಪತ್ರ ಕೊಡ್ತಾರೆ ಅಂತ ಗೊತ್ತಾಯಿತು. ಅದಕ್ಕೇ ಹೆಚ್ಚಿನವರ ಹಾಗೆ ನಾವೂ ಸಾರಿಯಾ ಊರಿಂದ ಹೊರಟೆವು. ಮ್ಯಾಡ್ರಿಡ್‌ನಿಂದ ಲುಗೋ, ಲುಗೋದಿಂದ ಬಸ್ಸಿನಲ್ಲಿ ಸಾರಿಯಾ.

ಸಾಮಾನ್ಯವಾಗಿ ಇದನ್ನು ಐದು ದಿನದಲ್ಲಿ ನಡೆಯುತ್ತಾರೆ. ಅಕ್ಕನ ಮಂಡಿ ನೆನೆಸಿಕೊಂಡು ನಾನು ಆರು ಮಾಡಿದೆ. ಪೊರ್ತೊಮರೀನ್, ಪಾಲಸ್ ದೆ ರೇ, ಮೆಲೀದೆ, ಅರ್ಸುವಾ, ಓ ಪೆದ್ರೋಸೊ, ಆಮೇಲೆ ಸಾಂಟಿಯಾಗೊ. ಆದರೆ ಕೈಕೊಟ್ಟದ್ದು ಅಕ್ಕನ ಮಂಡಿ ಅಲ್ಲ, ನನ್ನ ಹೊಸ ಶೂ. ಎರಡನೇ ದಿನವೇ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಅಕ್ಕ ಎರಡು ವರ್ಷ ಹಾಕಿ ಸವೆಸಿದ ಶೂನಲ್ಲಿ ಆರಾಮಾಗಿ ಮುಂದೆ ಹೋಗುತ್ತಿದ್ದಳು. ತಿರುಗಿ ನೋಡಿ ನಗುತ್ತಲೂ ಇದ್ದಳು.

ಹೊರಡುವಾಗ ಒಂದು ಪುಟ್ಟ ಪಾಸ್‌ಪೋರ್ಟಿನಂಥ ಮಡಿಚುವ ಕಾರ್ಡ್ ತಗೋಬೇಕು, ಅದಕ್ಕೆ ಕ್ರೆದೆನ್ಸಿಯಾಲ್ ಅಂತಾರೆ. ದಾರಿಯ ಚರ್ಚು, ಹೋಟೆಲು, ತಂಗುದಾಣ ಎಲ್ಲ ಕಡೆ ಅದಕ್ಕೆ ಮುದ್ರೆ ಹಾಕ್ತಾರೆ. ಈ ಕೊನೆಯ ನೂರು ಕಿಲೋಮೀಟರಿನಲ್ಲಿ ದಿನಕ್ಕೆ ಎರಡು ಮುದ್ರೆ ಇರಲೇಬೇಕು. ಮೊದಲ ದಿನ ನಮಗೆ ಇದು ಗೊತ್ತಿರಲಿಲ್ಲ. ಸಂಜೆ ಪೊರ್ತೊಮರೀನ್‌ನಲ್ಲಿ ಪಕ್ಕದ ಹಾಸಿಗೆಯವರು ಹೇಳಿದಾಗ, ಕಾಲು ಎಳೆದುಕೊಂಡು ಚರ್ಚಿಗೆ ಓಡಿದೆ.

ಓಡಿದ್ದು ಒಳ್ಳೆಯದೇ ಆಯಿತು. ಆ ಚರ್ಚು ಮೊದಲು ಕೆಳಗೆ ಮೀನ್ಯೋ ನದಿಯ ದಡದಲ್ಲಿತ್ತು. 1960ರ ದಶಕದಲ್ಲಿ ಬೆಲೆಸಾರ್ ಅಣೆಕಟ್ಟು ಕಟ್ಟಿದಾಗ ಹಳೇ ಊರು ಮುಳುಗಿತು. ಚರ್ಚಿನ ಕಲ್ಲುಗಳಿಗೆ ಒಂದೊಂದಕ್ಕೂ ನಂಬರ್ ಹಾಕಿ ಬಿಚ್ಚಿ ಮೇಲೆ ತಂದು ಜೋಡಿಸಿದರು. "ನಮ್ಮ ಕನ್ನಂಬಾಡಿ ವೇಣುಗೋಪಾಲಸ್ವಾಮಿ ಥರ" ಅಂತ ಅಕ್ಕ ಗೋಡೆಗೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತಳು.

ದಾರಿ ತಪ್ಪೋದು ಕಷ್ಟ. ಎಲ್ಲ ಕಡೆ ಹಳದಿ ಬಾಣ. 1980ರ ದಶಕದಲ್ಲಿ ಎಲಿಯಾಸ್ ವಾಲಿನ್ಯಾ ಅನ್ನೋ ಹಳ್ಳಿ ಪಾದ್ರಿ ಬಣ್ಣ ಹಿಡಿದು ಬರೆಯೋಕೆ ಶುರು ಮಾಡಿದ್ದು. ಜೊತೆಗೆ ಮೈಲಿಗಲ್ಲುಗಳು. ಇನ್ನೆಷ್ಟು ದೂರ ಅನ್ನೋದನ್ನು ಕಿಲೋಮೀಟರಿನ ಮೂರನೇ ದಶಮಾಂಶದವರೆಗೂ ಕೆತ್ತಿದ್ದಾರೆ! ಬೊಬ್ಬೆ ಎದ್ದ ಕಾಲಿಗೆ ಅಷ್ಟು ಲೆಕ್ಕ ಬೇಕಿರಲಿಲ್ಲ.

ನಾವು ಹೋದದ್ದು ಅಕ್ಟೋಬರ್ ಮೊದಲ ವಾರ. ಆಗ ಅಲ್ಲಿ ಬೆಳಕಾಗೋದು ಬೆಳಗ್ಗೆ ಎಂಟೂವರೆ ಹೊತ್ತಿಗೆ. ಸ್ಪೇನ್ ಪಕ್ಕದ ಪೋರ್ಚುಗಲ್ಲಿಗಿಂತ ಗಡಿಯಾರ ಒಂದು ಗಂಟೆ ಮುಂದಿಟ್ಟುಕೊಂಡಿದೆ, ನಾವು ನಡೆದ ಗಲೀಸಿಯಾ ಪ್ರಾಂತ್ಯ ಇರೋದು ಅದರ ಪಶ್ಚಿಮದ ತುದಿಯಲ್ಲಿ. ಹಾಗಾಗಿ ಏಳಕ್ಕೆ ಹೊರಟರೆ ಟಾರ್ಚ್ ಬೇಕೇ ಬೇಕು. ಕಾಡುದಾರಿಯಲ್ಲಿ ಚೆಸ್ಟ್‌ನಟ್ ಕಾಯಿಗಳು ಮುಳ್ಳಿನ ಸಿಪ್ಪೆ ಸಮೇತ ಟಪಟಪ ಬೀಳುತ್ತಿದ್ದವು. ಆರರಲ್ಲಿ ಮೂರು ದಿನ ಮಳೆ. ಬ್ಯಾಗೂ ಸೇರಿ ಮುಚ್ಚುವ ದೊಡ್ಡ ರೇನ್‌ಕೋಟು ತಂದಿದ್ದೆವು. ಅದೊಂದು ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ.

ಇನ್ನು ಊಟ. ಅಕ್ಕ ಸಸ್ಯಾಹಾರಿ. ನಿಜವಾದ ತಪಸ್ಸು ಇಲ್ಲೇ ಇದ್ದದ್ದು. "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ ಅಂತ ಕಲಿತು ಹೋಗಿದ್ದೆ. ಸಲಾಡ್ ಬಂತು, ಮೇಲೆ ಟ್ಯೂನಾ ಮೀನು. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಆಮೇಲಿಂದ ಹಂದಿಯೂ ಬೇಡ, ಟ್ಯೂನಾನೂ ಬೇಡ ಅಂತ ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಿದ್ದೆವು. ಗಲೀಸಿಯಾದ ಸೊಪ್ಪಿನ ಸಾರು ನೋಡೋಕೆ ನಮ್ಮ ಸೊಪ್ಪಿನ ಹುಳಿಯ ಹಾಗೇ ಇರುತ್ತೆ, ಆದರೆ ಒಳಗೆ ಸಾಮಾನ್ಯವಾಗಿ ಹಂದಿಯ ಮೂಳೆ ಬೆಂದಿರುತ್ತೆ. ಅಕ್ಕನನ್ನು ಕಾಪಾಡಿದ್ದು ಬ್ರೆಡ್ಡು, ಅರ್ಸುವಾದ ಮೆತ್ತನೆ ಚೀಸು, ಮತ್ತೆ ಪದ್ರೋನ್ ಮೆಣಸಿನಕಾಯಿ. ಪುಟ್ಟ ಹಸಿರು ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಹರಳುಪ್ಪು ಉದುರಿಸಿರ್ತಾರೆ. ಕೆಲವು ಖಾರ, ಕೆಲವು ಸಪ್ಪೆ, ತಿಂದರೇ ಗೊತ್ತಾಗೋದು. ಖಾರದ್ದು ಸಿಕ್ಕಿದಾಗಲೆಲ್ಲ ಅಕ್ಕನ ಮುಖ ಅರಳುತ್ತಿತ್ತು.

ಸರ್ಕಾರದ ತಂಗುದಾಣದಲ್ಲಿ ಅಡುಗೆಮನೆ ಇರುತ್ತೆ ಅಂತ ಓದಿ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಅಡುಗೆಮನೆ ಇತ್ತು, ಒಲೆ ಇತ್ತು. ಒಂದು ಪಾತ್ರೆ, ಒಂದು ಚಮಚ ಇರಲಿಲ್ಲ! ನಾವು ತಂಗಿದ ಎರಡು ಕಡೆಯೂ ಇದೇ ಕಥೆ. ಅಕ್ಕ ತಂದಿದ್ದ ಸ್ಟೀಲ್ ಡಬ್ಬಿಯಲ್ಲೇ ಅವಲಕ್ಕಿ ನೆನೆಯಿತು. ಮೆಲೀದೆಯಲ್ಲಿ ನಾನು ಮಾತ್ರ ಆಕ್ಟೋಪಸ್ ತಿಂದೆ. ತಾಮ್ರದ ಹಂಡೆಯಲ್ಲಿ ಬೇಯಿಸಿ, ಕತ್ತರಿಯಲ್ಲಿ ಕತ್ತರಿಸಿ, ಮರದ ತಟ್ಟೆಯಲ್ಲಿ ಕೊಡ್ತಾರೆ. ಅಕ್ಕ ಹೊರಗೆ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು.

ಆರನೇ ದಿನ ಮೊಂತೆ ದೊ ಗೋಸೊ ಗುಡ್ಡ. ಹೆಸರಿನ ಅರ್ಥವೇ ಸಂತೋಷದ ಗುಡ್ಡ. ಯಾತ್ರಿಕರಿಗೆ ಮೊದಲ ಸಲ ಕ್ಯಾಥೆಡ್ರಲ್ಲಿನ ಗೋಪುರ ಕಾಣುವ ಜಾಗ ಇದು. ನಮಗೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಇಳಿದ ಮೇಲೆ ಸುಮ್ನೆ ಸಾಧಾರಣ ಊರಿನ ಟ್ರಾಫಿಕ್ಕು, ಸಿಗ್ನಲ್ಲು. ಒಂದು ಗಂಟೆ ಹಾಗೇ ನಡೆದ ಮೇಲೆ ಕಲ್ಲಿನ ಹಳೇ ಓಣಿಗಳು ಬಂದವು. ಕಮಾನಿನ ಕೆಳಗೆ ಒಬ್ಬರು ಗಾಯ್ತಾ, ಅಂದರೆ ಅಲ್ಲಿನ ಚೀಲದ ವಾದ್ಯ, ಊದುತ್ತಿದ್ದರು. ಆ ಸದ್ದು ದಾಟಿ ಎಡಕ್ಕೆ ತಿರುಗಿದರೆ ಒಬ್ರಾದೊಯ್ರೊ ಚೌಕ. ಮುಂದೆ ಇಡೀ ಕ್ಯಾಥೆಡ್ರಲ್. ಅಕ್ಕ ಬ್ಯಾಗನ್ನೂ ಇಳಿಸದೆ ಒದ್ದೆ ಕಲ್ಲಿನ ಮೇಲೇ ಕೂತುಬಿಟ್ಟಳು.

ನಾನು ಮಾಡಿದ ತಪ್ಪು ಅಂದರೆ, ಎಲ್ಲವನ್ನೂ ಅವತ್ತೇ ಮುಗಿಸಲು ಹೊರಟದ್ದು. ಕ್ಯಾಥೆಡ್ರಲ್ ಬಾಗಿಲಿಗೆ ಹೋದರೆ ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ ಅಂದರು. ಬ್ಯಾಗ್ ಇಡುವ ಅಂಗಡಿ ಹುಡುಕಿದ್ದಾಯಿತು. ಯಾತ್ರಿಕರ ಕಚೇರಿಯಲ್ಲಿ ನಂಬರ್ ತಗೊಂಡು ಕಾದದ್ದಾಯಿತು. 2024ರಲ್ಲಿ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ ಜನ ಈ ಪತ್ರ ತಗೊಂಡಿದ್ದಾರೆ, ಕಾಯದೆ ಇನ್ನೇನು? ಅಲ್ಲಿ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ನಡೆದದ್ದು ಯಾಕೆ? ಧರ್ಮಕ್ಕಾಗಿಯೋ, ಆಧ್ಯಾತ್ಮಕ್ಕಾಗಿಯೋ, ಬೇರೆ ಕಾರಣಕ್ಕೋ? "ನಾವು ಕ್ರಿಶ್ಚಿಯನ್ನರಲ್ವಲ್ಲೇ, ಸುಳ್ಳು ಹೇಳ್ಬೇಕಾ?" ಅಂತ ಅಕ್ಕ ಪಿಸುಗುಟ್ಟಿದಳು. ಬೇಡ ಅಂದೆ. ಇಬ್ಬರೂ ಆಧ್ಯಾತ್ಮಕ್ಕೆ ಗುರುತು ಹಾಕಿದೆವು. ಅವಳದು ನಿಜ. ನನ್ನದು ಅರ್ಧ. ಲ್ಯಾಟಿನ್‌ನಲ್ಲಿ ಬರೆದ ಪತ್ರ ಕೈಗೆ ಬಂತು.

ಸಂಜೆ ಏಳೂವರೆಯ ಪೂಜೆಗೆ ಹೋದದ್ದು ಬೊತಾಫುಮೇರೊ ನೋಡೋ ಆಸೆಗೆ. 50 ಕಿಲೋಗಿಂತ ಭಾರದ ಧೂಪದ ಪಾತ್ರೆ, ಎಂಟು ಜನ ಹಗ್ಗ ಎಳೆದು ಚಾವಣಿಯ ಹತ್ತಿರದವರೆಗೂ ತೂಗುತ್ತಾರೆ. ಅವತ್ತು ತೂಗಲಿಲ್ಲ. ಕೆಲವು ಹಬ್ಬಗಳಲ್ಲಿ, ಇಲ್ಲವೇ ಯಾರಾದರೂ ದುಡ್ಡು ಕಟ್ಟಿ ಕೇಳಿದಾಗ ಮಾತ್ರವಂತೆ. ಇದನ್ನೇ ನೋಡೋಕೆ ಹೋಗುವವರು ದಿನ ವಿಚಾರಿಸಿಕೊಂಡು ಹೋಗಿ.

ಪುಣ್ಯಕ್ಕೆ ಇನ್ನೆರಡು ರಾತ್ರಿ ಅಲ್ಲೇ ಇದ್ದೆವು. ಊರು ಸಿಕ್ಕಿದ್ದು ಆಗ. ಮಳೆ ಬಂದರೂ ವಿಲಾರ್ ಬೀದಿಯಲ್ಲಿ ಕಲ್ಲಿನ ಕಮಾನುಗಳ ಕೆಳಗೆ ನೆನೆಯದೆ ಓಡಾಡಬಹುದು. ಟಿಕೆಟ್ ತಗೊಂಡು ಪೊರ್ತಿಕೊ ದೆ ಲಾ ಗ್ಲೋರಿಯಾ ನೋಡಿದೆವು. ಮಾಸ್ತರ್ ಮಾತೇವೊ ಅನ್ನೋ ಶಿಲ್ಪಿ ಕೆತ್ತಿಸಿದ ಕ್ಯಾಥೆಡ್ರಲ್ಲಿನ ಬಾಗಿಲು, 1188ರ ಕಾಲದ್ದು. ನಡುವಿನ ಕಂಬದಲ್ಲಿ ಐದು ಬೆರಳಿನ ಗುಳಿ ಬಿದ್ದಿದೆ. ನೂರಾರು ವರ್ಷ ಬಂದವರೆಲ್ಲ ಅಲ್ಲೇ ಕೈ ಇಟ್ಟು ಇಟ್ಟು ಕಲ್ಲು ಸವೆದಿದೆ. ಈಗ ಮುಟ್ಟೋ ಹಾಗಿಲ್ಲ. ಅಕ್ಕ ದೂರದಿಂದಲೇ ಕೈ ಎತ್ತಿ ಬೆರಳು ಅಗಲಿಸಿ ಅಳತೆ ನೋಡಿದಳು.

ಸಾಂಟಿಯಾಗೊ ಕೇಕಿನ ವಿಷಯ ಹೇಳಿಬಿಡುತ್ತೇನೆ. ಬಾದಾಮಿಯದು, ಮೈದಾ ಇಲ್ಲ, ಮೇಲೆ ಸಕ್ಕರೆ ಪುಡಿಯಲ್ಲಿ ಶಿಲುಬೆಯ ಚಿತ್ರ. ಅಕ್ಕ ಎರಡು ತುಂಡು ತಿಂದಳು. ಮೊಟ್ಟೆ ಇದೆ ಅಂತ ಆಮೇಲೆ ಗೊತ್ತಾಗಿ ಒಂದು ಗಂಟೆ ನನ್ನ ಜೊತೆ ಮಾತಾಡಲಿಲ್ಲ.

ಅವಳ ಪತ್ರಕ್ಕೆ ಈಗ ಚೌಕಟ್ಟು ಹಾಕಿಸಿ ದೇವರ ಮನೆಯಲ್ಲಿ ಮಂಜುನಾಥನ ಪಕ್ಕ ನೇತುಹಾಕಿದ್ದಾಳೆ. ಅದನ್ನು ಸುತ್ತಿ ತಂದ ರಟ್ಟಿನ ಕೊಳವೆಯಲ್ಲಿ ಊದುಬತ್ತಿ ಇಡುತ್ತಾಳೆ.