ಕಾರು ಎತ್ತೋದು ಸುಲಭ, ಇಳಿಸೋದೇ ಕೆಲಸ

ನಮ್ಮಪ್ಪ ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಡಿಪೋದಲ್ಲಿ ಪಿಟ್ ಇರುತ್ತದಲ್ಲ, ಬಸ್ಸು ಬಂದು ಅದರ ಮೇಲೆ ನಿಲ್ಲುತ್ತದೆ, ಮೆಕ್ಯಾನಿಕ್ ಮೆಟ್ಟಿಲಿಳಿದು ಕೆಳಗೆ ಹೋಗಿ ನಿಂತುಕೊಂಡೇ ಕೆಲಸ ಮಾಡುತ್ತಾನೆ. ಅವರಿಗೆ ಆ ಅಭ್ಯಾಸ. 2022ರ ಮೇ ತಿಂಗಳಲ್ಲಿ ಅಪ್ಪ ಅಮ್ಮ ಓಹಾಯೋದ ಕೊಲಂಬಸ್‌ನಲ್ಲಿರುವ ನಮ್ಮ ಮನೆಗೆ ಬಂದರು. ನಾನು ಕ್ಯಾಮ್ರಿ ಕಾರನ್ನು ನಾಲ್ಕು ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಮೇಲೆ ನಿಲ್ಲಿಸಿ, ಹೊಟ್ಟೆ ಒಳಗೆಳೆದುಕೊಂಡು ಅದರ ಕೆಳಗೆ ನುಗ್ಗುವುದನ್ನು ನೋಡಿ ಅಪ್ಪ ಹೇಳಿದ್ದು ಒಂದೇ ಮಾತು: "ಇದೇನೋ ಇದು, ಇಲಿ ಬೋನಿಗೆ ಹೋದ ಹಾಗೆ ಹೋಗ್ತೀಯಲ್ಲೋ."

ತಪ್ಪೇನಿಲ್ಲ ಅವರ ಮಾತಲ್ಲಿ. ಸ್ಟ್ಯಾಂಡ್ ಅಂದರೆ ಮೊದಲು ಮುಂದುಗಡೆ ಜಾಕ್ ಕೊಡಬೇಕು, ಎರಡು ಸ್ಟ್ಯಾಂಡ್ ಇಡಬೇಕು, ಆಮೇಲೆ ಹಿಂದೆ ಹೋಗಿ ಮತ್ತೆ ಅದೇ ಕತೆ. ಹಿಂದೆ ಎತ್ತುವಾಗ ಮುಂದಿನ ಸ್ಟ್ಯಾಂಡ್ ಕೊಂಚ ವಾಲುತ್ತದೆ. ಎದೆ ಧಸಕ್ ಅನ್ನುತ್ತದೆ. ಅದರ ಮೇಲೆ 2020ರಲ್ಲಿ ಇಲ್ಲಿನ ಒಂದು ದೊಡ್ಡ ಅಂಗಡಿ ಸರಣಿ ತಾನು ಮಾರಿದ್ದ ಸುಮಾರು 17 ಲಕ್ಷ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿತ್ತು. ಸ್ಟ್ಯಾಂಡಿನ ಎತ್ತರ ಹಿಡಿದಿಡುವ ಹಲ್ಲು ಸರಿಯಾಗಿ ಕಚ್ಚದೆ ಭಾರಕ್ಕೆ ಜಾರಬಹುದು ಅಂತ. ಬದಲಿಗೆ ಕೊಟ್ಟ ಕೆಲವು ಸ್ಟ್ಯಾಂಡ್‌ಗಳ ವೆಲ್ಡಿಂಗೂ ಸರಿಯಿಲ್ಲ ಅಂತ ಆಮೇಲೆ ಗೊತ್ತಾಯಿತು! ನನ್ನವು ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಕೆಳಗೆ ಮಲಗಿದಾಗ ಅದೇ ಯೋಚನೆ.

"ರಿಪೇರಿ ಅಂಗಡಿಗೆ ಕೊಟ್ರೆ ಆಗಲ್ವಾ?" ಅಂತ ನನ್ನ ಹೆಂಡತಿ ಎಷ್ಟೋ ಸಲ ಕೇಳಿದ್ದಾಳೆ. ಆಗುತ್ತೆ. ಆದರೂ ಇಡೀ ಕಾರನ್ನು ಎತ್ತುವ ಒಂದು ಲಿಫ್ಟ್ ಮನೆಗೇ ತರೋಣ ಅಂತ ನನ್ನ ಆಸೆ. ನಿಜ ಹೇಳಬೇಕೆಂದರೆ ಆಯಿಲ್ ಬದಲಿಸಿ ಉಳಿಸಿದ ದುಡ್ಡಿನಲ್ಲಿ ಲಿಫ್ಟ್ ಖರ್ಚು ಹುಟ್ಟುವುದಿಲ್ಲ. ಆ ಲೆಕ್ಕ ಹಿಡಿದು ಯಾರೂ ತಗೋಬೇಡಿ. ನನ್ನ ಕಾರಣ ಉಪ್ಪು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಕಾರಿನ ಹೊಟ್ಟೆಗೆ ಅಂಟಿ ತಗಡು ತಿನ್ನುತ್ತದೆ. ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಪಿನ್ನು ತುಕ್ಕಿಗೆ ಹಿಡಿದುಕೊಳ್ಳುತ್ತದೆ. ಚಳಿ ಶುರುವಾಗುವ ಮೊದಲು ಕೆಳಗೆಲ್ಲ ತುಕ್ಕು ತಡೆಯುವ ಲ್ಯಾನೊಲಿನ್ ಎಣ್ಣೆ ಹೊಡೆದು, ವಸಂತದಲ್ಲಿ ತೊಳೆದು, ತುಕ್ಕು ಎಲ್ಲಿಗೆ ಬಂತು ಅಂತ ನೋಡುವುದು ನನಗೆ ಇಷ್ಟದ ಕೆಲಸ. ಅದಕ್ಕೆ ಇಡೀ ಕಾರು ಒಂದೇ ಸಲ ಮೇಲೇಳಬೇಕು.

ಯಾವುದು ತಗೋಬೇಕು ಅಂತ ನೋಡಲು ಕೂತಾಗ ಮೂರು ಬಗೆ ಕಾಣಿಸಿದವು. ಎರಡು ಕಂಬದ್ದು ಒಂದು. ಕೆಲಸ ಮುಗಿದ ಮೇಲೆ ಕಂಬ ಬಿಚ್ಚಿ ಪಕ್ಕಕ್ಕೆ ಇಡಬಹುದು. ಅಪ್ಪನಿಗೆ ಇದೇ ಇಷ್ಟ, ಕಾರಿನ ಹೊಟ್ಟೆ ಪೂರ್ತಿ ಖಾಲಿ ಸಿಗುತ್ತದೆ. ಆದರೆ ಅದಕ್ಕೆ ನೆಲ ಕೊರೆದು ಬೋಲ್ಟ್ ಹಾಕಬೇಕು, ಕಾಂಕ್ರೀಟ್ ಕನಿಷ್ಠ 4 ಇಂಚು ದಪ್ಪ ಇರಬೇಕು. ನಮ್ಮ ನೆಲದಲ್ಲಿ ಬಾಗಿಲಿನಿಂದ ಮಧ್ಯದವರೆಗೆ ಒಂದು ಬಿರುಕಿದೆ. ಬಿರುಕಿನ ಹತ್ತಿರ ಬೋಲ್ಟ್ ಹಾಕಿ ಅದರ ಮೇಲೆ ಎರಡು ಟನ್ ತೂಗುಹಾಕುವ ಧೈರ್ಯ ನನಗಿಲ್ಲ. (ಟೆಕ್ಸಸ್‌ನಲ್ಲಿ ಬಹಳ ಮನೆಗಳ ನೆಲದೊಳಗೆ ಬಿಗಿಯಾಗಿ ಎಳೆದ ಉಕ್ಕಿನ ತಂತಿ ಇರುತ್ತದೆ. ಅಂಥ ನೆಲಕ್ಕೆ ಡ್ರಿಲ್ ಹಾಕಲೇಬಾರದು. ಅಲ್ಲಿರುವ ಸ್ನೇಹಿತರು ದಯವಿಟ್ಟು ಗಮನಿಸಿ.) ಎರಡನೆಯದು ಕತ್ತರಿ ಲಿಫ್ಟ್. ಗಟ್ಟಿ ಆಸಾಮಿ, ಆದರೆ ಕಾರಿನ ನಟ್ಟನಡುವೆ ಕೂರುತ್ತದೆ. ನನಗೆ ಬೇಕಾಗಿದ್ದೇ ಆ ಜಾಗ.

ಉಳಿದದ್ದು ಜೋಡಿ ಫ್ರೇಮ್. ಚಕ್ರಗಳ ನಡುವೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಕಬ್ಬಿಣದ ಚೌಕಟ್ಟು ಸರಿಸುವುದು, ಹೋಸ್ ಪೈಪಿನಿಂದ ಎಣ್ಣೆ ಒತ್ತುವ ಪಂಪಿಗೆ ಜೋಡಿಸುವುದು, ಗುಂಡಿ ಒತ್ತುವುದು. ಎರಡೂ ಮಡಚಿದ ಏಣಿ ಬಿಚ್ಚಿದ ಹಾಗೆ ಏಳುತ್ತವೆ. ನಮ್ಮ ಗ್ಯಾರೇಜಿನ ಸೂರು 8 ಅಡಿ, ಆಳೆತ್ತರ ಎತ್ತುವ ಆಸೆ ಹೇಗೂ ಇರಲಿಲ್ಲ. ಇದು ಕಾರನ್ನು ಸುಮಾರು 20 ಇಂಚು ಎತ್ತುತ್ತದೆ.

ಆರ್ಡರ್ ಮಾಡಲು ಹೋದೆ. ಅಪ್ಪ ಕೈ ಹಿಡಿದು ನಿಲ್ಲಿಸಿದರು. "ಅಳತೆ ತಗೊಂಡ್ಯಾ?"

ತಗೊಂಡಿರಲಿಲ್ಲ. ಎಷ್ಟು ಭಾರ ಎತ್ತುತ್ತೆ ಅಂತ ಮಾತ್ರ ನೋಡಿದ್ದೆ. ನಮ್ಮಲ್ಲಿ ಎರಡು ಗಾಡಿ. ಕ್ಯಾಮ್ರಿ ಸುಮಾರು 3,200 ಪೌಂಡ್, ಅಂದರೆ 1,450 ಕಿಲೋ. ಊರಿಂದ ಬಂದವರನ್ನೆಲ್ಲ ನಯಾಗರ ತೋರಿಸಲು ಕರೆದೊಯ್ಯುವ ಸಿಯೆನ್ನಾ ವ್ಯಾನು 4,500 ಪೌಂಡ್ ಹತ್ತಿರ. 5,000 ಪೌಂಡಿನ ಲಿಫ್ಟ್ ಕಾಗದದ ಮೇಲೆ ಸಾಕು. ಆದರೆ ವ್ಯಾನಿನ ಹಿಂದೆ ಮಕ್ಕಳ ಸೈಕಲ್ಲು, ನಾಲ್ಕು ಮೂಟೆ ಸೋನಾ ಮಸೂರಿ ಇದ್ದರೆ? 7,000 ಪೌಂಡಿನದ್ದನ್ನೇ ತಗೊಳ್ಳುವುದು ಅಂತಾಯಿತು.

ಭಾರಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಮುಂದಿನ ಜಾಕ್ ಪಾಯಿಂಟಿನಿಂದ (ಕಾರಿನ ಕೆಳಗೆ ಜಾಕ್ ಕೊಡಬೇಕಾದ ಜಾಗ) ಹಿಂದಿನ ಜಾಕ್ ಪಾಯಿಂಟಿಗೆ ಎಷ್ಟು ದೂರ ಅನ್ನುವುದು. ಫ್ರೇಮಿನ ಮೇಲೆ ರಬ್ಬರ್ ಬ್ಲಾಕ್ ಇಡುವ ತಟ್ಟೆಗಳಿವೆ. ನಾಲ್ಕು ಜಾಕ್ ಪಾಯಿಂಟೂ ಆ ತಟ್ಟೆಗಳ ಮೇಲೇ ಬರಬೇಕು. ಫ್ರೇಮ್ ಗಿಡ್ಡವಾದರೆ ತಲುಪುವುದಿಲ್ಲ, ಉದ್ದವಾದರೆ ಎರಡು ಚಕ್ರಗಳ ನಡುವೆ ಹಿಡಿಸುವುದಿಲ್ಲ. ಅಪ್ಪ ಟೇಪ್ ಹಿಡಿದು ಮಂಡಿಯೂರಿದರು, ನಾನು ಬರೆದುಕೊಂಡೆ. ಎರಡೂ ಗಾಡಿಯ ಅಳತೆ ಬರೆದು ನೋಡಿದರೆ, ನಾನು ಮೊದಲು ಆರಿಸಿದ್ದ ಮಾಡೆಲ್ ಕ್ಯಾಮ್ರಿಗೆ ಸರಿ, ವ್ಯಾನಿಗೆ ಎರಡು ಇಂಚು ಕಮ್ಮಿ. ಸಾವಿರದ ಎಂಟುನೂರು ಡಾಲರ್ ದಂಡವಾಗುವುದು ತಪ್ಪಿತು. ಎರಡು ಗಾಡಿ ಇರುವವರು ಉದ್ದದ್ದನ್ನೂ ಅಳೆಯಿರಿ, ಗಿಡ್ಡದ್ದನ್ನೂ ಅಳೆಯಿರಿ.

ಜೂನ್‌ನಲ್ಲಿ ಪೆಟ್ಟಿಗೆಗಳು ಬಂದವು. ಒಂದೊಂದು ಫ್ರೇಮ್ 45 ಕಿಲೋ ಮೇಲೆ. ಪಂಪಿಗೆ ಎಣ್ಣೆ ತುಂಬಿ, ಕಾರಿಲ್ಲದೆ ಖಾಲಿ ಎತ್ತಿ ಇಳಿಸಿದೆವು. ಎಡಗಡೆಯದು ಮೊದಲು ಎದ್ದಿತು, ಬಲಗಡೆಯದು ಗಡಗಡ ನಡುಗಿ ಹಿಂದೆ ಬಂತು. ಎಣ್ಣೆಯಲ್ಲಿ ಗಾಳಿ ಸೇರಿತ್ತು. "ಬ್ರೇಕಿಗೆ ಏರ್ ತೆಗಿಯಲ್ವಾ, ಅದೇ ಕಣೋ" ಅಂತ ಅಪ್ಪ ಸ್ಕ್ರೂ ಸಡಿಲಿಸಿ, ಬಟ್ಟೆ ಒತ್ತಿ ಹಿಡಿದು ಗಾಳಿ ತೆಗೆದರು. ನಾಲ್ಕೈದು ಸಲ ಮೇಲೆ ಕೆಳಗೆ ಆದ ಮೇಲೆ ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೆ ಎದ್ದವು.

ಕಾರು ನಿಲ್ಲಿಸಿ ಎತ್ತಿದ ದಿನ ಎರಡು ಪೆದ್ದುತನ ಮಾಡಿದೆ. ಹುಲ್ಲು ಕತ್ತರಿಸುವ ಯಂತ್ರದ ತೆಳ್ಳಗಿನ ಎಕ್ಸ್‌ಟೆನ್ಷನ್ ವೈರನ್ನು ಪಂಪಿಗೆ ಹಾಕಿದ್ದೆ. ಮೋಟರು ಗುಂಯ್ ಅಂದು ಮುಲುಗಿ ಅರ್ಧಕ್ಕೆ ನಿಂತಿತು. ಇಲ್ಲಿನ ಕರೆಂಟು 120 ವೋಲ್ಟ್, ಹಾಗಾಗಿ ಈ ಮೋಟರು ಆಂಪಿಯರ್ ಜಾಸ್ತಿ ಎಳೆಯುತ್ತದೆ. ಉದ್ದನೆಯ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಈಗ ಗೋಡೆಯ ಪ್ಲಗ್ಗಿಗೇ ನೇರ ಹಾಕುತ್ತೇನೆ. ಎರಡನೆಯದು, ಈ ಫ್ರೇಮುಗಳು ನೆಟ್ಟಗೆ ಮೇಲೇಳುವುದಿಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ. ಉಯ್ಯಾಲೆಯ ಹಾಗೆ ಒಂದು ಕಡೆಗೆ ತೂಗಿಕೊಂಡು ಏಳುತ್ತವೆ. ಕಾರು ಎದ್ದಂತೆಲ್ಲ ಮುಂದೆ ಮುಂದೆ ಹೋಗಿ, ಬಂಪರು ಗೋಡೆಯ ಶೆಲ್ಫಿಗೆ ತಾಗಿ, ಅಮ್ಮ ತಂದಿಟ್ಟಿದ್ದ ಮಿಡಿ ಉಪ್ಪಿನಕಾಯಿ ಡಬ್ಬಿ ಅಲ್ಲಾಡಿತು. ಬೀಳಲಿಲ್ಲ. ಬಿದ್ದಿದ್ದರೆ ಈ ಲಿಫ್ಟ್ ಅವತ್ತೇ ಮಾರಾಟಕ್ಕೆ ಇರುತ್ತಿತ್ತು. ಫ್ರೇಮುಗಳನ್ನು ತಿರುಗಿಸಿ ಇಟ್ಟರೆ ಕಾರು ಹಿಂದಕ್ಕೆ ಸರಿಯುತ್ತದೆ. ಆದರೆ ಎರಡೂ ಒಂದೇ ದಿಕ್ಕಿಗೆ ಇರಬೇಕು.

ಮೂರನೆಯದು ಪೆದ್ದುತನ ಅಲ್ಲ, ಅದನ್ನು ಅಪಾಯ ಅಂತಲೇ ಕರೆಯಬೇಕು.

ಮೇಲೆ ಹೋದಾಗ ಪ್ರತಿ ಫ್ರೇಮಿನಲ್ಲೂ ಒಂದು ಲಾಕ್ ಬಾರ್ ಗಚ್ಚಿಗೆ ಬೀಳುತ್ತದೆ. ಟಕ್ ಅಂತ ಸದ್ದು. ಆಮೇಲೆ ಕೊಂಚ ಇಳಿಸಿದರೆ ಕಾರಿನ ಭಾರ ಆ ಕಬ್ಬಿಣದ ಮೇಲೆ ಕೂರುತ್ತದೆ, ಎಣ್ಣೆಯ ಮೇಲಲ್ಲ. ಹೋಸ್ ಒಡೆದರೂ ಕಾರು ಬೀಳುವುದಿಲ್ಲ. ಟಕ್ ಅನ್ನದೆ ನಾನು ಕೈ ಕೂಡ ಕೆಳಗೆ ಹಾಕುವುದಿಲ್ಲ. ಇಳಿಸುವಾಗ ಇದೇ ಉಲ್ಟಾ: ಸ್ವಲ್ಪ ಎತ್ತಬೇಕು, ಎರಡೂ ಕಡೆ ಹೋಗಿ ಲಾಕ್ ಬಾರನ್ನು ಕೈಯಿಂದ ಮಗುಚಬೇಕು, ಆಮೇಲೆ ಇಳಿಸಬೇಕು.

ನಾನು ಬಲಗಡೆಯದನ್ನು ಮಗುಚಿದೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ವಾಪಸ್ ಬಂದು ಗುಂಡಿ ಒತ್ತಿದೆ. ಬಲಗಡೆ ಇಳಿಯತೊಡಗಿತು. ಎಡಗಡೆ ಎರಡು ಇಂಚು ಇಳಿದು, ಲಾಕಿನ ಮೇಲೆ ಕೂತು, ಅಲ್ಲೇ ನಿಂತಿತು. ನಾನು ನೋಡುತ್ತಿದ್ದದ್ದು ಬಲಗಡೆ. ಹಿಂದಿನಿಂದ ಅಪ್ಪ ಕೂಗಿದರು: "ಹೋಲ್ಡಾನ್!"

ಬಸ್ಸಿನ ಕಂಡಕ್ಟರ್ ದನಿ. ಬೆರಳು ತಾನಾಗಿ ಗುಂಡಿ ಬಿಟ್ಟಿತು. ಕಾರು ಒಂದು ಕಡೆ ವಾಲಿ ನಿಂತಿತ್ತು. ಎಡಗಡೆಯ ಹಿಂದಿನ ರಬ್ಬರ್ ಬ್ಲಾಕು ಅರ್ಧ ಬೆರಳಷ್ಟು ಜರುಗಿತ್ತು. ಅದರ ಮೇಲಿದ್ದ ತಗಡಿನ ಅಂಚು ಗೀರಿ, ಬಣ್ಣ ಕಿತ್ತು, ಬೆಳ್ಳಗೆ ಲೋಹ ಕಾಣುತ್ತಿತ್ತು. ಇನ್ನು ನಾಲ್ಕು ಇಂಚು ಬಲಗಡೆ ಇಳಿದಿದ್ದರೆ ಏನಾಗುತ್ತಿತ್ತೋ. ಅಪ್ಪ ಬೈಯಲಿಲ್ಲ. "ಮೊದ್ಲು ಮೇಲೆತ್ತು, ನಿಧಾನ" ಅಂದರು, ಅಷ್ಟೇ. ಮೇಲೆತ್ತಿದೆ, ಎರಡೂ ಸಮ ಆದವು. ಎಡದ ಲಾಕ್ ಮಗುಚಿ ಇಳಿಸಿದೆವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಗೊರಕೆ ಹೊಡೆಯುತ್ತಿದ್ದರು.

ಮಾರನೇ ದಿನ ಅವರು ಬಿಳಿ ಪೇಂಟಿನಲ್ಲಿ ಒಂದು ಫ್ರೇಮಿನ ಮೇಲೆ "ಎಡ", ಇನ್ನೊಂದರ ಮೇಲೆ "ಬಲ" ಅಂತ ಬರೆದರು. ನೆಲದ ಮೇಲೆ ಮುಂದಿನ ಚಕ್ರ ಎಲ್ಲಿ ನಿಲ್ಲಬೇಕು ಅಂತ ಗೆರೆ ಹಾಕಿದರು. ಪದ್ಧತಿಯೂ ಆಯಿತು. ನಾನು ಗುಂಡಿ ಹಿಡಿದು ನಿಲ್ಲುವುದು, ಅಪ್ಪ ಎಡಗಡೆ ನೋಡಿ "ರೈಟ್" ಅನ್ನುವುದು, ಬಲಗಡೆ ನೋಡಿ ಮತ್ತೊಂದು "ರೈಟ್". ಎರಡು ರೈಟ್ ಬರದೆ ಗುಂಡಿ ಒತ್ತುವ ಹಾಗಿಲ್ಲ. ಅದರ ಜೊತೆ ನಾನೇ ಸೇರಿಸಿದ್ದು: ಎತ್ತುವಾಗ ಚಕ್ರ ನೆಲ ಬಿಟ್ಟ ತಕ್ಷಣ ನಿಲ್ಲಿಸಿ, ಮಡ್‌ಗಾರ್ಡಿಗೆ ಕೈಯಿಟ್ಟು ಜೋರಾಗಿ ತಳ್ಳಿ, ನಾಲ್ಕೂ ಬ್ಲಾಕ್ ಟಾರ್ಚ್ ಹಾಕಿ ನೋಡುತ್ತೇನೆ. ಗೀಚಿದ ತಗಡಿನ ಅಂಚಿಗೆ ಈಗ ಮೇಲೆ ಉದ್ದ ಸೀಳು ಕೊಟ್ಟಿರುವ ರಬ್ಬರ್ ಬ್ಲಾಕ್ ತಂದಿದ್ದೇನೆ. ಅಂಚು ಸೀಳಿನೊಳಗೆ ಕೂರುತ್ತದೆ, ಮಡಚುವುದಿಲ್ಲ.

ಈಗ ಕ್ಯಾಮ್ರಿಯ ಆಯಿಲ್ ಬದಲಿಸಲು ಅರ್ಧ ಗಂಟೆ ಸಾಕು. ಮೊದಲು ಕಾರು ಎತ್ತಿ ನಿಲ್ಲಿಸುವುದಕ್ಕೇ ಅಷ್ಟು ಹಿಡಿಯುತ್ತಿತ್ತು. 14ರ ಸ್ಪ್ಯಾನರಿನಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿತು. ಕಾರು ಸಮವಾಗಿ ನಿಂತಿರುವುದರಿಂದ ಹಳೇ ಆಯಿಲ್ ಪೂರ್ತಿ ಇಳಿಯುತ್ತದೆ. ಬ್ರೇಕ್ ಕೆಲಸ ಇನ್ನೂ ಚೆನ್ನ. ಚಕ್ರ ಎದೆ ಮಟ್ಟಕ್ಕೆ ಬರುವ ಹಾಗೆ ಒಂದು ಗಿಡ್ಡ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಬೆನ್ನು ಬಗ್ಗಿಸುವ ಮಾತೇ ಇಲ್ಲ. ಆದರೆ ಕೆಳಗೆ ನಿಲ್ಲಲಾಗುವುದಿಲ್ಲ, ಚಕ್ರದ ಹಲಗೆಯ ಮೇಲೆ ಮಲಗಿಯೇ ಹೋಗಬೇಕು. ಬಾಗಿಲ ಕೆಳಗಿನ ಉದ್ದನೆಯ ತಗಡಿಗೆ ಎಣ್ಣೆ ಹೊಡೆಯುವಾಗ ಫ್ರೇಮೇ ಅಡ್ಡ ಬರುತ್ತದೆ, ಆ ಒಂದು ಗೇಣು ಜಾಗ ಕಾರು ಇಳಿಸಿದ ಮೇಲೆ. ಗೇರ್‌ಬಾಕ್ಸ್ ಇಳಿಸುವಂಥ ಕೆಲಸಕ್ಕೆ ಇದು ಸಾಲದು. "ಊರಲ್ಲಿ ಪಿಟ್ ತೋಡಿಸ್ತೀನಿ, ಬಾ" ಅಂತ ಅಪ್ಪ ಈಗಲೂ ಫೋನಿನಲ್ಲಿ ಅನ್ನುತ್ತಾರೆ.

ಅವರು ಅಕ್ಟೋಬರ್‌ನಲ್ಲಿ ವಾಪಸ್ ಹೋದರು. ಒಬ್ಬನೇ ಇದ್ದಾಗ ನಾನೇ ಎರಡೂ ಕಡೆ ಓಡಾಡಿ, ನನಗೆ ನಾನೇ ಎರಡು ರೈಟ್ ಹೇಳಿಕೊಳ್ಳುತ್ತೇನೆ. ಮಗಳು ನಗುತ್ತಾಳೆ. ಹೋದ ವರ್ಷ ಪಕ್ಕದ ಮನೆಯವನು ತನ್ನ ಕಾರಿನ ಬ್ರೇಕ್ ಪ್ಯಾಡ್ ಬದಲಿಸಲು ಲಿಫ್ಟ್ ಕೇಳಿದ. ಕೊಟ್ಟೆ, ಗುಂಡಿ ನನ್ನ ಕೈಯಲ್ಲೇ ಅನ್ನುವ ಷರತ್ತಿನ ಮೇಲೆ. ನಮ್ಮ ಪದ್ಧತಿ ವಿವರಿಸಿ ಎಡಗಡೆ ನಿಲ್ಲಿಸಿದೆ. ಲಾಕ್ ಮಗುಚಿ "ರೈಟ್" ಅನ್ನು ಅಂದರೆ, ಅವನು ತಲೆಯಾಡಿಸಿ, ಸುತ್ತಿ ಬಂದು ಬಲಗಡೆ ಹೋಗಿ ನಿಂತ. ಅವನ ಜೊತೆ ಕೆಲಸ ಮಾಡುವಾಗ ಈಗ ಬರೀ ಹೆಬ್ಬೆರಳು ಎತ್ತುತ್ತೇವೆ.