ಅಡಿಕೆ ಗೋದಾಮಿನ ಸುಳ್ಳು ಅಲಾರಂ ನಿಲ್ಲಿಸಿದ್ದು ಹೀಗೆ

ಮೋಷನ್ ಸೆನ್ಸರ್ ಸುಮ್ನೆ ಸುಮ್ನೆ ಕೂಗಿದರೆ ಹೆಚ್ಚಿನವರು ಮೊದಲು ಸೆನ್ಸಿಟಿವಿಟಿ ಕಡಿಮೆ ಮಾಡುತ್ತಾರೆ. ನಾನು ಅದನ್ನು ಕೊನೆಗೆ ಮುಟ್ಟುವುದು. ಅದು ಏನನ್ನು ನೋಡಿ ಕೂಗಿತು ಅಂತ ಮೊದಲು ಗೊತ್ತಾಗಬೇಕು.

ಶಿವಮೊಗ್ಗ ಕಡೆಯ ಒಂದು ಅಡಿಕೆ ಗೋದಾಮು. ರಾತ್ರಿಯೆಲ್ಲಾ ಸೈರನ್ ಕೂಗಿ ಕೂಗಿ, ಮಾಲೀಕರು ಅಲಾರಂ ಆಫ್ ಮಾಡಿಯೇ ಶಟರ್ ಎಳೆದು ಹೋಗುತ್ತಿದ್ದರು. ಅಕ್ಕಪಕ್ಕದವರೂ ಎದ್ದು ನೋಡುವುದನ್ನು ಬಿಟ್ಟಿದ್ದರು. ಒಳಗೆ ಲಕ್ಷಗಟ್ಟಲೆ ಬೆಲೆಯ ಮಾಲು!

ಅಲಾರಂ ಪ್ಯಾನೆಲ್‌ನ ಲಾಗ್, ಅಂದರೆ ಯಾವ ಸೆನ್ಸರ್ ಯಾವಾಗ ಕೂಗಿತು ಅನ್ನುವ ದಾಖಲೆ, ತೆಗೆದು ನೋಡಿದೆ. ಟ್ಯೂಬ್‌ಲೈಟ್ ಪಕ್ಕದ ಸೆನ್ಸರ್ ಕೂಗುತ್ತಿದ್ದದ್ದು ರಾತ್ರಿ, ಹಿಂದಿನ ಮೂಲೆಯದ್ದು ಬೆಳಿಗ್ಗೆ ಬಿಸಿಲು ಬಂದ ಮೇಲೆ. ಅಲ್ಲಿಗೆ ಕಾರಣ ಎರಡು ಅಂತಾಯಿತು.

ಅಲ್ಲಿದ್ದದ್ದು ಪಿಐಆರ್, ಅಂದರೆ ಶಾಖದ ಚಲನೆ ನೋಡಿ ಕೂಗುವ ಮೋಷನ್ ಸೆನ್ಸರ್. ಅದರ ಒಳಗೆ ಶಾಖಕ್ಕೆ ಸ್ಪಂದಿಸುವ ಎರಡು ಭಾಗ ಇರುತ್ತವೆ. ಎರಡಕ್ಕೂ ಒಟ್ಟಿಗೆ ಬಿಸಿ ತಾಗಿದರೆ ಸುಮ್ಮನಿರುತ್ತದೆ, ಒಂದರ ಮುಂದೆ ಹಾದು ಇನ್ನೊಂದರ ಮುಂದೆ ಹೋದರೆ ಕೂಗುತ್ತದೆ. ಅದಕ್ಕೇ ಅಡ್ಡ ನಡೆಯುವವನನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ಎದುರಿಗೆ ಬರುವವನನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ರಾತ್ರಿಯ ಗಲಾಟೆ ಹಲ್ಲಿಯದ್ದು. ಲೈಟಿಗೆ ಹುಳ, ಹುಳಕ್ಕೆ ಹಲ್ಲಿ. ಸೆನ್ಸರ್ ಬಿಚ್ಚಿದರೆ ಹಿಂದುಗಡೆ ಹಿಕ್ಕೆ, ವೈರ್ ತೂತಿನಲ್ಲಿ ಜೇಡನ ಬಲೆ. ಹಲ್ಲಿ ಮೈ ಬಿಸಿ ಇರಲ್ವಲ್ಲ ಅಂತ ಮಾಲೀಕರು ಕೇಳಿದರು, ನ್ಯಾಯವಾದ ಪ್ರಶ್ನೆ. ಆದರೆ ಅದು ಲೆನ್ಸ್ ಮೇಲೇ ಹರಿದಾಡಿದಾಗ ಎದುರಿನ ಗೋಡೆಯ ಶಾಖ ಒಮ್ಮೆ ಮರೆಯಾಗಿ ಮತ್ತೆ ಕಾಣುತ್ತದೆ, ಸೆನ್ಸರ್‌ಗೆ ಅದೂ ಚಲನೆಯೇ. ಜಾಗವನ್ನು ಲೈಟಿನಿಂದ ದೂರಕ್ಕೆ ಬದಲಿಸಿ, ಎತ್ತರ 7 ಅಡಿ ಇಟ್ಟು, ವೈರ್ ತೂತನ್ನೂ ಗೋಡೆ ಸಂದನ್ನೂ ಸಿಲಿಕಾನ್ ಹಾಕಿ ಮುಚ್ಚಿದೆ.

ಬೆಳಗಿನದ್ದಕ್ಕೆ ಕಾರಣ ಚಾವಣಿಯ ಪಾರದರ್ಶಕ ಶೀಟು. ಬಿಸಿಲು ಚೀಲಗಳ ಮೇಲೆ ಬಿದ್ದು, ಮೋಡ ಬಂದು ಹೋದಂತೆ ಆಟ ಆಡುತ್ತಿತ್ತು. ಅಲ್ಲಿ ಡ್ಯುಯಲ್ ಸೆನ್ಸರ್ ಹಾಕಿದೆ. ಪಿಐಆರ್ ಜೊತೆ, ಅಲೆ ಕಳಿಸಿ ಚಲನೆ ಹಿಡಿಯುವ ಮೈಕ್ರೋವೇವ್ ಭಾಗ ಕೂಡ ಒಪ್ಪಿದರೆ ಮಾತ್ರ ಅಲಾರಂ. ಮೈಕ್ರೋವೇವ್‌ನ ರೇಂಜ್ ಮಾತ್ರ ತಗ್ಗಿಸಲೇಬೇಕು, ಪ್ಲೈವುಡ್, ಗಾಜು ದಾಟಿ ಆಚೆ ಕಡೆಯದ್ದನ್ನೂ ಅದು ನೋಡುತ್ತದೆ.

ಇಲಿ, ಬೆಕ್ಕಿನ ವಿಷಯ ಬೇರೆ. ಸೆನ್ಸರ್ ಮೇಲೆ ಪೆಟ್ ಇಮ್ಯೂನ್ (ಸಾಕುಪ್ರಾಣಿಗೆ ಕೂಗುವುದಿಲ್ಲ) ಅಂತ ಬರೆದಿದ್ದರೂ ಅದು ನೆಲದ ಮೇಲೆ ಓಡಾಡುವ ಪ್ರಾಣಿಗೆ. ಚೀಲದ ಅಟ್ಟಿ ಹತ್ತಿ ಸೆನ್ಸರ್ ಎತ್ತರಕ್ಕೇ ಬಂದ ಬೆಕ್ಕು ಅದಕ್ಕೆ ದೊಡ್ಡದಾಗಿಯೇ ಕಾಣುತ್ತದೆ. ಸೆನ್ಸರ್ ಮುಂದೆ ಅಟ್ಟಿ ಹಾಕದಂತೆ ಗೋಡೆಗೆ ಹಳದಿ ಪಟ್ಟಿ ಬಳಿಸಿದೆ.

ಸೆನ್ಸಿಟಿವಿಟಿ ಮುಟ್ಟಲೇ ಇಲ್ಲ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಗೋಡೆಯೂ ಮನುಷ್ಯನ ಮೈಯಷ್ಟೇ ಬಿಸಿಯಾಗುತ್ತದೆ, ವ್ಯತ್ಯಾಸ ಕಡಿಮೆಯಾದಾಗ ಸೆನ್ಸರ್‌ಗೆ ಕಳ್ಳ ಕಾಣುವುದೇ ಕಷ್ಟ. ಮೊದಲೇ ತಗ್ಗಿಸಿಟ್ಟರೆ ಅವನು ಆರಾಮಾಗಿ ಓಡಾಡಬಹುದು. ಅದಕ್ಕೆ ವಾಕ್ ಟೆಸ್ಟ್ ಕೂಡ ಸುಡುವ ಮಧ್ಯಾಹ್ನವೇ ಮಾಡಿಸಿದೆ: ಹಮಾಲಿಯೊಬ್ಬರು ಗೋಡೆ ಪಕ್ಕ ನಿಧಾನಕ್ಕೆ ನಡೆದರು, ಆಮೇಲೆ ಅಟ್ಟಿಗಳ ಮಧ್ಯೆ ಬಗ್ಗಿಕೊಂಡು ಬಂದರು. ಎರಡೂ ಸಲ ಸೆನ್ಸರ್ ಹಿಡಿಯಿತು. ಸೀಸನ್‌ನಲ್ಲಿ ಅಟ್ಟಿ ಎತ್ತರ ಬದಲಾದಾಗಲೆಲ್ಲ ಇದೇ ಟೆಸ್ಟ್ ಮತ್ತೆ ಮಾಡಿ ಅಂತ ಹೇಳಿ ಬಂದಿದ್ದೇನೆ.